ಹೊರಡುವುದೇ ಕಷ್ಟದ ಕೆಲಸ

ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಡಿಎನ್‌ಎಯಿಂದ ಆರ್‌ಎನ್‌ಎಗೆ ಒಂದು ಬಾಣ ಎಳೆದಿರುತ್ತಾರೆ. ಬಾಣದ ನೆತ್ತಿಯ ಮೇಲೆ ‘ಟ್ರಾನ್ಸ್‌ಕ್ರಿಪ್ಷನ್’ ಎಂದಿರುತ್ತದೆ. ಕನ್ನಡದಲ್ಲಿ ವಿವರಿಸುವಾಗ ನಾವು ‘ನಕಲು’ ಎನ್ನುತ್ತೇವೆ, ಸ್ವಲ್ಪ ಗಂಭೀರವಾಗಿ ಹೇಳಬೇಕೆಂದರೆ ‘ಪ್ರತಿಲೇಖನ’. ಆ ಒಂದು ಬಾಣವೂ ಈ ಎರಡು ಪದಗಳೂ ಬಹಳ ಕಾಲದಿಂದ ಕಾಡುತ್ತಿವೆ. ನಕಲು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಜೆರಾಕ್ಸ್ ಅಂಗಡಿ, ಇಲ್ಲವೇ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯುವ ದೃಢೀಕೃತ ಪ್ರತಿ. ಎರಡರಲ್ಲೂ ಮೂಲ ಹಾಳೆಗೆ ಅಂಚು ಇದೆ. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಎಂದು ಯಾರೂ ಕೇಳಬೇಕಾಗಿಲ್ಲ. ಡಿಎನ್‌ಎಗೆ ಅಂಥ ಅಂಚಿಲ್ಲ. ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಿ: 46 ಲಕ್ಷ ಅಕ್ಷರಜೋಡಿಗಳ ಒಂದೇ ಉಂಗುರ, ಅದರೊಳಗೆ ಸುಮಾರು 4,300 ವಂಶವಾಹಿಗಳು, ಪದಗಳ ನಡುವೆ ಒಂದು ಚುಕ್ಕಿಯಷ್ಟೂ ತೆರವಿಲ್ಲ. ಎ ಎದುರಿಗೆ ಯು, ಸಿ ಎದುರಿಗೆ ಜಿ ಎಂದು ಜೋಡಿಸುತ್ತ ಹೋಗುವುದು ಇಡೀ ಕೆಲಸದಲ್ಲಿ ಸಲೀಸಾದ ಭಾಗ. ಎಲ್ಲಿ ನಿಲ್ಲಬೇಕು, ನಿಂತ ಮೇಲೆ ಹೇಗೆ ಹೊರಡಬೇಕು, ಹೊರಟ ಮೇಲೆ ಎಲ್ಲಿ ಕೈಬಿಡಬೇಕು ಎಂಬುದರಲ್ಲೇ ಕೋಶದ ಜಾಣತನವೂ ಎಡವಟ್ಟೂ ಇರುವುದು. ಆ ಬಾಣ ಇದಿಷ್ಟನ್ನೂ ನುಂಗಿಹಾಕುತ್ತದೆ.

ಸ್ವಸ್ತಿ ಎಲ್ಲಿದೆ

ಹಳೆಯ ಶಾಸನ ಓದಿದವರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ. ಕಲ್ಲಿನ ಮೇಲೆ ಪದಗಳ ನಡುವೆ ತೆರವಿರುವುದಿಲ್ಲ, ಅಕ್ಷರಗಳು ಒತ್ತಾಗಿ ಸಾಗುತ್ತವೆ. ಆದರೂ ‘ಸ್ವಸ್ತಿ’ ಕಂಡರೆ ಇಲ್ಲಿಂದ ಶಾಸನ ಶುರು ಎಂದು ಗೊತ್ತಾಗುತ್ತದೆ, ‘ಮಂಗಳ ಮಹಾ ಶ್ರೀ’ ಕಂಡರೆ ಮುಗಿಯಿತೆಂದು. ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸ್ವಸ್ತಿಯ ಜಾಗದಲ್ಲಿರುವುದು ಪ್ರಮೋಟರ್. ನಕಲು ಆರಂಭವಾಗುವ ಅಕ್ಷರದಿಂದ ಸುಮಾರು 10 ಅಕ್ಷರ ಹಿಂದೆ ಟಿಎಟಿಎಎಟಿ, 35 ಅಕ್ಷರ ಹಿಂದೆ ಟಿಟಿಜಿಎಸಿಎ, ಇವೆರಡರ ನಡುವೆ 17 ಅಕ್ಷರಗಳ ಅಂತರ ಇದ್ದರೆ ಅದು ಆದರ್ಶ ಮಾದರಿ. ಅಂತರ 16 ಅಥವಾ 18 ಆದರೂ ನಡೆಯುತ್ತದೆ. ಅದಕ್ಕಿಂತ ದೂರ ಸರಿದರೆ ಬಲ ಕುಗ್ಗುತ್ತದೆ, ಏಕೆಂದರೆ ಡಿಎನ್‌ಎ ತಿರುಚಿದ ಏಣಿ. ಒಂದೊಂದು ಅಕ್ಷರ ಸೇರಿದಾಗಲೂ ಎರಡು ಗುರುತುಗಳು ಏಣಿಯ ಸುತ್ತ ಒಂದಿಷ್ಟು ಡಿಗ್ರಿ ತಿರುಗಿಕೊಳ್ಳುತ್ತವೆ, ಒಂದೇ ಪ್ರೋಟೀನಿನ ಎರಡು ಕೈಗಳಿಗೆ ಏಕಕಾಲಕ್ಕೆ ಎಟಕುವುದಿಲ್ಲ. ಶಾಸನಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸ್ವಸ್ತಿಯನ್ನು ಓದುಗ ಓದುತ್ತಾನೆ, ಪ್ರಮೋಟರ್ ಮಾತ್ರ ನಕಲಿನೊಳಗೆ ಬರುವುದೇ ಇಲ್ಲ. ಕೈಗೆ ಬಂದ ಆರ್‌ಎನ್‌ಎಯನ್ನಷ್ಟೇ ನೋಡಿ ಅದು ಯಾವ ಗುರುತಿನಿಂದ ಹೊರಟಿತು ಎಂದು ಹೇಳಲಾಗದು.

ನಕಲು ಮಾಡುವ ಕಿಣ್ವ ಆರ್‌ಎನ್‌ಎ ಪಾಲಿಮರೇಸ್. ಎರಡು ಆಲ್ಫಾ, ಒಂದು ಬೀಟಾ, ಒಂದು ಬೀಟಾ ಪ್ರೈಮ್, ಒಂದು ಒಮೆಗಾ, ಹೀಗೆ ಐದು ಭಾಗಗಳು ಸೇರಿ ಏಡಿಯ ಕೊಂಡಿಯಂಥ ಆಕಾರ. ಕೊಂಡಿಯ ಸಂದಿಯಲ್ಲಿ ಡಿಎನ್‌ಎ, ಸಂದಿಯ ಆಳದಲ್ಲಿ ಮೆಗ್ನೀಷಿಯಂ ಅಯಾನುಗಳು. ಅಕ್ಷರ ಜೋಡಿಸಲು ಇದಿಷ್ಟೇ ಸಾಕು. ಆದರೆ ಈ ಐವರಿಗೆ ಸ್ವಸ್ತಿ ಗುರುತಿಸಲು ಬರುವುದಿಲ್ಲ.

ಅತಿಯಾಗಿ ಶುದ್ಧಗೊಂಡ ಕಿಣ್ವ

ಇದು ತಿಳಿದುಬಂದ ಬಗೆ ಪ್ರಯೋಗಾಲಯದಲ್ಲಿ ದುಡಿಯುವ ಯಾರೂ ಮರೆಯಬಾರದಂಥದ್ದು. 1960ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ನಲ್ಲಿ ರಿಚರ್ಡ್ ಬರ್ಗೆಸ್ ಇ. ಕೋಲಿಯ ಪಾಲಿಮರೇಸನ್ನು ಶುದ್ಧಗೊಳಿಸುತ್ತಿದ್ದರು. ಫಾಸ್ಫೊಸೆಲ್ಯುಲೋಸ್ ಎಂಬ ಪುಡಿ ತುಂಬಿದ ಕಂಬದ ಮೂಲಕ ಹಾಯಿಸಿದಾಗ ಕಿಣ್ವ ಬಹಳ ಶುಭ್ರವಾಗಿ ಹೊರಬಂತು. ಕರುವಿನ ಥೈಮಸ್ ಗ್ರಂಥಿಯ ಡಿಎನ್‌ಎ ಕೊಟ್ಟು ಪರೀಕ್ಷಿಸಿದರೆ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಅದೇ ಕಿಣ್ವಕ್ಕೆ ಟಿ4 ವೈರಸ್ಸಿನ ಡಿಎನ್‌ಎ ಕೊಟ್ಟರೆ ಕೈಕಟ್ಟಿ ಕೂರುತ್ತಿತ್ತು. ಕಂಬದಿಂದ ಬೇರೆಯಾಗಿ ಹರಿದುಹೋಗಿದ್ದ ಭಾಗವನ್ನು ಮತ್ತೆ ಬೆರೆಸಿದಾಗ ಟಿ4 ಮೇಲಿನ ಕೆಲಸ ಮರಳಿತು. ಹರಿದುಹೋದದ್ದು ಸಿಗ್ಮಾ ಎಂಬ ಪ್ರೋಟೀನು, ಪ್ರಮೋಟರನ್ನು ಗುರುತಿಸುವುದು ಅದೇ. ಬರ್ಗೆಸ್, ಆಂಡ್ರ್ಯೂ ಟ್ರಾವರ್ಸ್, ಜಾನ್ ಡನ್, ಎಕೆಹಾರ್ಡ್ ಬೌಟ್ಸ್ ಇದನ್ನು 1969ರಲ್ಲಿ ಪ್ರಕಟಿಸಿದರು.

ಕರುವಿನ ಡಿಎನ್‌ಎ ಮೇಲೆ ಯಾಕೆ ನಡೆಯಿತು? ಆ ಡಿಎನ್‌ಎಯನ್ನು ತಯಾರಿಸುವಾಗ ಅದು ಅಲ್ಲಲ್ಲಿ ಕಡಿದು, ಒಂದೆಳೆ ಬಿರುಕು ಬಿಟ್ಟಿರುತ್ತದೆ. ಸಿಗ್ಮಾ ಇಲ್ಲದ ಪಾಲಿಮರೇಸ್ ಅಂಥ ಬಿರುಕಿಗೆ ನುಗ್ಗಿ, ಸಿಕ್ಕಲ್ಲಿಂದ ನಕಲು ಶುರುಮಾಡುತ್ತದೆ. ಎಷ್ಟು ಅಕ್ಷರ ಪೋಣಿಸಿತು ಎಂದು ಮಾತ್ರ ಅಳೆಯುವ ಪರೀಕ್ಷೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಟಿ4 ಡಿಎನ್‌ಎ ಬಿರುಕಿಲ್ಲದ್ದು, ಒಳಹೋಗಲು ಸರಿಯಾದ ಬಾಗಿಲೇ ಬೇಕು. ನಕಲು ಮಾಡುವ ಶಕ್ತಿ ಬೇರೆ, ಎಲ್ಲಿಂದ ಎಂದು ಬಲ್ಲ ತಿಳಿವು ಬೇರೆ, ಎರಡೂ ಬೇರೆ ಬೇರೆ ಪ್ರೋಟೀನಿನಲ್ಲಿವೆ ಎಂಬುದು ಆ ಎರಡು ಡಿಎನ್‌ಎಗಳ ನಡುವಿನ ಅಂತರದಿಂದಲೇ ಹೊರಬಿತ್ತು. ಮಾದರಿಯನ್ನು ತಪ್ಪಾಗಿ ಆರಿಸಿದ್ದರೆ ಸಿಗ್ಮಾ ಇನ್ನಷ್ಟು ಕಾಲ ಚರಂಡಿಗೇ ಹೋಗುತ್ತಿತ್ತು.

ಹಿಡಿದದ್ದನ್ನು ಬಿಡುವುದು

ಸಿಗ್ಮಾ ಜೊತೆಗೂಡಿದ ಪಾಲಿಮರೇಸ್ ಪ್ರಮೋಟರ್ ಮೇಲೆ ಕೂತಾಗ ಡಿಎನ್‌ಎಯ ಎರಡೆಳೆ ಇನ್ನೂ ಹೆಣೆದುಕೊಂಡೇ ಇರುತ್ತದೆ. ಆಮೇಲೆ ಹಿಂದಿನ 11ನೆಯ ಸ್ಥಾನದಲ್ಲಿರುವ ಎ ಅಕ್ಷರ ಏಣಿಯಿಂದ ಹೊರಕ್ಕೆ ಮಗುಚಿ ಸಿಗ್ಮಾದ ಒಂದು ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ಸುಮಾರು 13 ಅಕ್ಷರಗಳಷ್ಟು ಉದ್ದ ಎಳೆಗಳು ಬಿಚ್ಚಿಕೊಳ್ಳುತ್ತವೆ. ಬ್ಯಾಕ್ಟೀರಿಯಾದ ಸಾಮಾನ್ಯ ಸಿಗ್ಮಾಗೆ ಇದಕ್ಕಾಗಿ ಕೋಶದ ಇಂಧನವಾದ ಎಟಿಪಿ ಸುಡಬೇಕಾಗಿಲ್ಲ, ಹಿಡಿತದ ಬಲವೇ ಸಾಕು. ಪಾಲಿಮರೇಸ್ ಮೊದಲ ಎರಡು ಅಕ್ಷರಗಳನ್ನು ಯಾವ ಆಧಾರವೂ ಇಲ್ಲದೆ ಪಕ್ಕಪಕ್ಕ ಕೂರಿಸಿ ಬೆಸೆಯುತ್ತದೆ. ಡಿಎನ್‌ಎಯಿಂದ ಡಿಎನ್‌ಎಯನ್ನೇ ಬರೆಯುವ ಡಿಎನ್‌ಎ ಪಾಲಿಮರೇಸ್‌ಗೆ ಈ ಕೈಚಳಕವಿಲ್ಲ, ಅದಕ್ಕೆ ಮುಂಚೆಯೇ ಒಂದು ತುಂಡು ಬರೆದಿಟ್ಟಿರಬೇಕು.

ಇಲ್ಲಿಂದ ಮುಂದೆ ನಡೆಯುವುದು ಪಠ್ಯಪುಸ್ತಕದ ಬಾಣಕ್ಕೆ ಪೂರಾ ಉಲ್ಟಾ. ಪಾಲಿಮರೇಸ್ ಎರಡು, ಮೂರು, ಏಳು, ಒಂಬತ್ತು ಅಕ್ಷರ ಬರೆದು ಉದುರಿಸಿಬಿಡುತ್ತದೆ. ಮತ್ತೆ ಮೊದಲಿಂದ. ಮತ್ತೆ ಉದುರಿಸುತ್ತದೆ. ಪ್ರಮೋಟರ್ ಬಿಟ್ಟು ಹೊರಡುವ ಮುಂಚೆ ಇಂಥ ಅರೆಬರೆ ತುಂಡುಗಳು ಹತ್ತಾರು, ಕೆಲವು ಪ್ರಮೋಟರ್‌ಗಳಲ್ಲಿ ನೂರಾರು ಬೀಳುತ್ತವೆ. ಕಾರಣ ಬಹಳ ಸ್ಪಷ್ಟ. ಹಿಂಬದಿ ಇನ್ನೂ ಪ್ರಮೋಟರಿಗೆ ಅಂಟಿಕೊಂಡಿದೆ, ಹಾಗಾಗಿ ಯಂತ್ರ ಮುಂದೆ ನಡೆಯಲಾರದು. ನಡೆಯುವ ಬದಲು ಮುಂದಿನ ಡಿಎನ್‌ಎಯನ್ನು ತನ್ನ ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಚ್ಚಿದ ಎಳೆಗಳು ಹೊಟ್ಟೆಯೊಳಗೆ ಮಡಿಕೆಯಾಗಿ ಉಬ್ಬುತ್ತವೆ, ಬಿಲ್ಲಿನ ಹೆದೆ ಎಳೆದಂತೆ ಬಿಗಿ ಏರುತ್ತದೆ. 2006ರಲ್ಲಿ ರಿಚರ್ಡ್ ಎಬ್‌ರೈಟ್ ಅವರ ಗುಂಪು ಒಂದೊಂದೇ ಅಣುವನ್ನು ಹಿಂಬಾಲಿಸಿ ಈ ಮುದುಡುವಿಕೆಯನ್ನು ತೋರಿಸಿತು. ಜೊತೆಗೆ ಇನ್ನೊಂದು ಅಡ್ಡಿ: ಹೊಸ ಆರ್‌ಎನ್‌ಎ ಹೊರಬರಬೇಕಾದ ಕಾಲುವೆಯಲ್ಲಿ ಸಿಗ್ಮಾದ್ದೇ ಒಂದು ಬೆರಳು ಅಡ್ಡ ಚಾಚಿಕೊಂಡಿರುತ್ತದೆ. ನಾಲ್ಕೈದು ಅಕ್ಷರ ಬೆಳೆದಾಗ ಆರ್‌ಎನ್‌ಎ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಬಿಗಿ ಬಿಚ್ಚಲು ಎರಡೇ ದಾರಿ. ಒಂದೋ ಚಿಕ್ಕ ಆರ್‌ಎನ್‌ಎ ಜಾರಿ ಬೀಳಬೇಕು, ಇಲ್ಲವೇ ಪ್ರಮೋಟರ್ ಮೇಲಿನ ಹಿಡಿತ ಹರಿಯಬೇಕು. ಹರಿದ ಗಳಿಗೆಯಿಂದ ಅದು ಬೇರೆಯೇ ಯಂತ್ರ. 9-10 ಅಕ್ಷರಗಳಷ್ಟು ಆರ್‌ಎನ್‌ಎ ಸದಾ ಡಿಎನ್‌ಎಗೆ ಜೋಡಿಕೊಂಡಿದ್ದು, ಸೆಕೆಂಡಿಗೆ 40ರಿಂದ 80 ಅಕ್ಷರ ಬರೆಯುತ್ತ ಸಾವಿರಾರು ಅಕ್ಷರ ದೂರದವರೆಗೂ ಕೈಬಿಡದೆ ಸಾಗುತ್ತದೆ.

ಇದರಿಂದ ಒಂದು ವಿಚಿತ್ರ ಫಲಿತಾಂಶ ಬರುತ್ತದೆ. ಆದರ್ಶ ಮಾದರಿಗೆ ಅಕ್ಷರ ಅಕ್ಷರವೂ ಹೊಂದುವ ಪ್ರಮೋಟರ್ ಅತ್ಯುತ್ತಮವಾಗಿರಬೇಕಲ್ಲವೇ? ಆಗಿರುವುದಿಲ್ಲ. ಅಷ್ಟು ಚೆನ್ನಾಗಿ ಹೊಂದಿದರೆ ಪಾಲಿಮರೇಸ್ ಬಂದು ಕೂರುವುದು ಬೇಗ, ಏಳುವುದು ನಿಧಾನ. ಇ. ಕೋಲಿಯ ಅತಿ ಚುರುಕಿನ ಪ್ರಮೋಟರ್‌ಗಳೂ ಮಾದರಿಯಿಂದ ಒಂದೆರಡು ಅಕ್ಷರ ತಪ್ಪಿಯೇ ಇರುತ್ತವೆ. ಆ ತಪ್ಪನ್ನು ವಿಕಾಸದ ಅಜಾಗರೂಕತೆ ಎಂದು ತಿಳಿಯುವುದು ಸರಿಯಲ್ಲ, ಹೊರಡಲು ಬಿಟ್ಟ ಸಡಿಲ ಅದು.

ಕೆಂಪು ಮಾತ್ರೆ

ಕ್ಷಯರೋಗಕ್ಕೆ ಚಿಕಿತ್ಸೆ ಪಡೆದವರಿಗೆಲ್ಲ ಈ ಹೊರಡುವ ಗಳಿಗೆಯ ಪರಿಚಯ ತಮಗರಿವಿಲ್ಲದೆಯೇ ಆಗಿರುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿಸುವ, ಕಾಂಟ್ಯಾಕ್ಟ್ ಲೆನ್ಸಿಗೂ ಕಲೆ ಹಿಡಿಸುವ ರಿಫಾಂಪಿಸಿನ್ ಹೊಡೆಯುವುದು ಅಲ್ಲಿಗೇ. ದೇಹತೂಕದ ಕಿಲೋಗೆ ಸುಮಾರು 10 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ. ಊಟದ ಜೊತೆ ನುಂಗಿದರೆ ರಕ್ತ ಸೇರುವ ಪ್ರಮಾಣ ತಗ್ಗುತ್ತದೆ. ಬೀಟಾ ಭಾಗದಲ್ಲಿ, ಅಕ್ಷರ ಬೆಸೆಯುವ ಜಾಗದಿಂದ 12 ಆಂಗ್‌ಸ್ಟ್ರಾಮ್ ಆಚೆ, ಆರ್‌ಎನ್‌ಎ ಹಾದುಬರುವ ದಾರಿಯಲ್ಲಿ ಈ ಅಣು ಕೂರುತ್ತದೆ. ಬೆಸೆಯುವ ಕೆಲಸಕ್ಕೆ ಅದು ಕೈಹಾಕುವುದಿಲ್ಲ. ಎರಡು ಮೂರು ಅಕ್ಷರ ಬರೆಯಲು ಬಿಡುತ್ತದೆ, ಮುಂದಿನದಕ್ಕೆ ಜಾಗವಿಲ್ಲ, ತುಂಡು ಉದುರುತ್ತದೆ. ಯಂತ್ರ ಕೂತಲ್ಲೇ ಕೂತು ತುಂಡು ಉದುರಿಸುತ್ತಲೇ ಇರುತ್ತದೆ. ಆಗಲೇ ಹೊರಟುಬಿಟ್ಟಿರುವ ಪಾಲಿಮರೇಸ್ ಮೇಲೆ ರಿಫಾಂಪಿಸಿನ್ ನಡೆಯುವುದಿಲ್ಲ, ಏಕೆಂದರೆ ಕೂರಬೇಕಾದ ಗೂಡಿನ ದಾರಿಯಲ್ಲಿ ಆರ್‌ಎನ್‌ಎ ಮೊದಲೇ ಮಲಗಿರುತ್ತದೆ. ಅಂದರೆ ಈ ಔಷಧ ಬರವಣಿಗೆಯನ್ನು ಕೆಡಿಸುವುದಿಲ್ಲ, ಹೊಸ್ತಿಲು ದಾಟಲು ಬಿಡುವುದಿಲ್ಲ. ಹೋಲಿಕೆಗೆ, ವಿಷದ ಅಣಬೆಯ ಆಲ್ಫಾ ಅಮಾನಿಟಿನ್ ನಮ್ಮ ಕೋಶಗಳಲ್ಲಿರುವ ಪಾಲಿಮರೇಸ್ 2 ಎಂಬ ಕಿಣ್ವದ ನಡಿಗೆಯನ್ನೇ ಹಿಡಿಯುತ್ತದೆ, ಪ್ರತಿ ಅಕ್ಷರಕ್ಕೂ ಸರಿಯಬೇಕಾದ ಕೀಲು ಸರಿಯುವುದಿಲ್ಲ.

ಔಷಧ ಕೂರುವ ಗೂಡು ಚಿಕ್ಕದು. ಅದಕ್ಕೇ ಕ್ಷಯದ ರಿಫಾಂಪಿಸಿನ್ ನಿರೋಧ ಹುಡುಕುವುದೂ ಸುಲಭವಾಯಿತು. ನಿರೋಧ ಬಂದ ತಳಿಗಳಲ್ಲಿ ಸುಮಾರು 95% ರಷ್ಟು ಬದಲಾವಣೆಗಳು ಬೀಟಾ ಭಾಗವನ್ನು ರೂಪಿಸುವ ಆರ್‌ಪಿಒಬಿ ವಂಶವಾಹಿಯ 81 ಅಕ್ಷರಗಳ ಒಂದೇ ತುಣುಕಿನಲ್ಲಿ ಸಿಗುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು 450ನೆಯ ಸ್ಥಾನದ ಸೆರೀನ್ ಹೋಗಿ ಲ್ಯೂಸೀನ್ ಬರುವುದು (ಹಳೆಯ ಲೇಖನಗಳಲ್ಲಿ ಇ. ಕೋಲಿಯ ಎಣಿಕೆಯಂತೆ 531 ಎಂದಿರುತ್ತದೆ, ಎರಡೂ ಒಂದೇ). ಜಿಲ್ಲಾಸ್ಪತ್ರೆಗಳಲ್ಲಿ ಸಿಬಿನಾಟ್ ಎಂದು ಕರೆಯುವ ಯಂತ್ರ ಐದು ಶೋಧಕ ಎಳೆಗಳಿಂದ ಈ 81 ಅಕ್ಷರಗಳನ್ನು ತಡಕಿ ಎರಡು ಗಂಟೆಯೊಳಗೆ ಉತ್ತರ ಕೊಡುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನಾಟ್ ಬ್ಯಾಟರಿಯಲ್ಲಿ ನಡೆಯುತ್ತದೆ. ಅದು ಮೊದಲ ಚಿಪ್‌ನಲ್ಲಿ ಕ್ಷಯ ಇದೆಯೇ ಎಂದು ನೋಡಿ, ಇದ್ದರೆ ಎರಡನೆಯ ಚಿಪ್‌ನಲ್ಲಿ ನಿರೋಧ ನೋಡುತ್ತದೆ. ತಪ್ಪುವುದೂ ಉಂಟು. 81 ಅಕ್ಷರಗಳೊಳಗೇ ಇದ್ದು ಅಮೈನೊ ಆಮ್ಲ ಬದಲಿಸದ ಮೌನ ಬದಲಾವಣೆಯನ್ನು ಸಿಬಿನಾಟ್ ನಿರೋಧವೆಂದು ಬಗೆಯಬಹುದು. ತುಣುಕಿನ ಹೊರಗೆ, 491ನೆಯ ಸ್ಥಾನದಲ್ಲಿ ನಡೆಯುವ ಒಂದು ಬದಲಾವಣೆ ನಿಜವಾದ ನಿರೋಧ ತಂದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಎಸ್ವಾಟಿನಿ ದೇಶದಲ್ಲಿ ಅಂಥ ತಳಿ ಹರಡಿದ್ದು ಹೀಗೆ ಕಣ್ತಪ್ಪಿಯೇ. ಮಾತ್ರೆ ಸರಿಯಾಗಿ ನುಂಗುತ್ತಿದ್ದೂ ಕಫದಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗದಿದ್ದರೆ ಯಂತ್ರದ ಒಂದು ವರದಿಗೆ ಜೋತುಬೀಳದೆ ಕಲ್ಚರ್ (ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕು.

20 ಮೈಕ್ರೊಲೀಟರಿನಲ್ಲಿ

ಕೋಶದ ಹೊರಗೆ ಇದೇ ಕೆಲಸ ಮಾಡಿಸಬೇಕಾದಾಗ ಎಲ್ಲರೂ ಟಿ7 ವೈರಸ್ಸಿನ ಪಾಲಿಮರೇಸಿಗೆ ಹೋಗುತ್ತಾರೆ. ಐದು ಭಾಗಗಳಿಲ್ಲ, ಸಿಗ್ಮಾ ಇಲ್ಲ, 99 ಕಿಲೋಡಾಲ್ಟನ್ನಿನ ಒಂಟಿ ಪ್ರೋಟೀನು. ರಿಫಾಂಪಿಸಿನ್ ಅದಕ್ಕೆ ನಾಟುವುದಿಲ್ಲ. ಎಂಆರ್‌ಎನ್‌ಎ ಲಸಿಕೆಗಳ ಆರ್‌ಎನ್‌ಎ ತಯಾರಾದದ್ದೂ ಇದರಿಂದಲೇ. 20 ಮೈಕ್ರೊಲೀಟರ್ ಮಿಶ್ರಣಕ್ಕೆ 1 ಮೈಕ್ರೊಗ್ರಾಂ ಡಿಎನ್‌ಎ, ಆರ್‌ಎನ್‌ಎಯ ಬಿಡಿ ಅಕ್ಷರಗಳಾದ ನಾಲ್ಕೂ ಎನ್‌ಟಿಪಿಗಳು ತಲಾ 7.5 ಮಿಲಿಮೋಲಾರ್, ಬಫರ್, ಕಿಣ್ವ, ಆರ್‌ಎನ್‌ಎ ಕತ್ತರಿಸುವ ಕಿಣ್ವಗಳನ್ನು ತಡೆಯುವ ಪ್ರೋಟೀನು, 37 ಡಿಗ್ರಿಯಲ್ಲಿ 2 ಗಂಟೆ. ಕೊನೆಗೆ ಡಿಎನ್‌ಎಯನ್ನು ಕತ್ತರಿಸಿಹಾಕುವ ಡಿಎನ್‌ಏಸ್ ಕಿಣ್ವ ಹಾಕಿ 15 ನಿಮಿಷ. ಎಲ್ಲ ಸರಿಹೋದರೆ 100 ಮೈಕ್ರೊಗ್ರಾಂಗೂ ಮೀರಿ ಆರ್‌ಎನ್‌ಎ ಸಿಗುತ್ತದೆ.

ಸರಿಹೋಗದಿದ್ದಾಗ ಕಾರಣಗಳು ಬಹುಪಾಲು ಇವೇ. ಮಿಶ್ರಣವನ್ನು ಐಸಿನ ಮೇಲೆ ಕಲಸಿದ್ದೀರಿ. ಬಫರಿನಲ್ಲಿರುವ ಸ್ಪರ್ಮಿಡಿನ್ ತಣ್ಣಗಿದ್ದಾಗ ಡಿಎನ್‌ಎಯನ್ನು ಗರಣೆಗಟ್ಟಿಸಿ ತಳಕ್ಕೆ ಇಳಿಸುತ್ತದೆ, ಆದ್ದರಿಂದ ಕೋಣೆಯ ಬಿಸಿಯಲ್ಲೇ ಕಲಸಬೇಕು, ಕಿಣ್ವ ಕೊನೆಗೆ. ಎನ್‌ಟಿಪಿ ಏರಿಸಿ ಮೆಗ್ನೀಷಿಯಂ ಏರಿಸುವುದನ್ನು ಮರೆತಿದ್ದೀರಿ. ಪ್ರತಿ ಎನ್‌ಟಿಪಿಯೂ ಒಂದು ಮೆಗ್ನೀಷಿಯಂ ಕಟ್ಟಿಕೊಳ್ಳುತ್ತದೆ, ನಾಲ್ಕೂ ಸೇರಿ 30 ಮಿಲಿಮೋಲಾರ್ ಆದರೆ ಮೆಗ್ನೀಷಿಯಂ ಅದನ್ನು ಮೀರಿ ಒಂದಿಷ್ಟಾದರೂ ಇರಬೇಕು, ಇಲ್ಲದಿದ್ದರೆ ಕಿಣ್ವದ ಪಾಲಿಗೆ ಏನೂ ಉಳಿಯುವುದಿಲ್ಲ. ಮಾದರಿಯಾಗಿ ಕೊಟ್ಟ ಡಿಎನ್‌ಎ ಉಂಗುರವನ್ನು (ಪ್ಲಾಸ್ಮಿಡ್) ಪೂರ್ತಿ ಕತ್ತರಿಸಿಲ್ಲ. ಟಿ7 ನಿಲ್ಲುವ ಗುರುತಿಲ್ಲದೆ ಸುತ್ತು ಹೊಡೆಯುತ್ತದೆ, ಜೆಲ್‌ನಲ್ಲಿ ಮೇಲುಗಡೆ ಉದ್ದನೆಯ ಮಸುಕು ಕಾಣುತ್ತದೆ. ಕತ್ತರಿಸಿದ್ದೀರಿ, ಆದರೆ ಪಿಎಸ್‌ಟಿ 1 ಅಥವಾ ಕೆಪಿಎನ್ 1 ಎಂಬ ಕತ್ತರಿ ಕಿಣ್ವ ಬಳಸಿದ್ದೀರಿ. ಅವು 3 ಪ್ರೈಮ್ ತುದಿಯಲ್ಲಿ ಒಂಟಿ ಎಳೆ ಉಳಿಸುತ್ತವೆ, ಕಿಣ್ವ ಆ ತುದಿಯಿಂದ ಹಿಂದಕ್ಕೆ ತಿರುಗಿ ಎದುರೆಳೆಯನ್ನೂ ಬರೆಯುತ್ತದೆ. ಎರಡು ಗಂಟೆಯ ಬಳಿಕ ಕೊಳವೆಯಲ್ಲಿ ಬಿಳಿ ಗಸಿ ಕಂಡರೆ ಮಾತ್ರ ಗಾಬರಿ ಬೇಡ, ಅದು ಮೆಗ್ನೀಷಿಯಂ ಪೈರೊಫಾಸ್ಫೇಟ್, ಕೆಲಸ ನಡೆದದ್ದರ ಗುರುತು. ಇನ್ನು, ಪ್ರಮೋಟರ್ ಮುಗಿದ ಮೇಲೆ ಮೊದಲ ಅಕ್ಷರ ಜಿ ಆಗಿರಲೇಬೇಕು, ಮೊದಲ ಮೂರೂ ಜಿ ಆದರೆ ಉತ್ತಮ. ಎಲ್ಲ ಸರಿಯಿದ್ದೂ ಇಳುವರಿ ಹತ್ತನೇ ಒಂದಕ್ಕೆ ಬೀಳುವುದು ಆ ಮೊದಲ ಅಕ್ಷರಗಳನ್ನು ಬದಲಿಸಿದಾಗ. ಈ ಸರಳ ಕಿಣ್ವವೂ ತುಂಡು ಉದುರಿಸುತ್ತ ಒದ್ದಾಡುವುದು ಹೊರಡುವ ಜಾಗದಲ್ಲೇ.

ಒಂದು ಚಿತ್ರ

ಹೊರಟ ಪಾಲಿಮರೇಸ್‌ಗಳನ್ನು ಕಣ್ಣಾರೆ ತೋರಿಸಿದವರು ಆಸ್ಕರ್ ಮಿಲ್ಲರ್ ಮತ್ತು ಬಾರ್ಬರಾ ಬಿಯಾಟಿ, ಅಮೆರಿಕದ ಓಕ್ ರಿಜ್‌ನಲ್ಲಿ, 1969ರಲ್ಲೇ. ನ್ಯೂಟ್ ಎಂಬ ಬಾಲವಿರುವ ಉಭಯಚರದ ಮೊಟ್ಟೆಕೋಶದಿಂದ ಕೋಶಕೇಂದ್ರ ತೆಗೆದು, ಉಪ್ಪಿಲ್ಲದ ನೀರಿನಲ್ಲಿ ಬಿಟ್ಟರು. ಉಪ್ಪಿಲ್ಲದಿದ್ದರೆ ಎಳೆಗಳ ಮೇಲಿನ ಒಂದೇ ಬಗೆಯ ವಿದ್ಯುದಾವೇಶಗಳು ಒಂದನ್ನೊಂದು ತಳ್ಳಿ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ್ದನ್ನು ಇಂಗಾಲ ಲೇಪಿಸಿದ ಜಾಲರಿಯ ಮೇಲೆ ಸೆಂಟ್ರಿಫ್ಯೂಜ್‌ನಿಂದ ಇಳಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದು ನೂಲು, ನೂಲಿನ ಮೇಲೆ ಸುಮಾರು ನೂರು ಚುಕ್ಕಿಗಳು, ಪ್ರತಿ ಚುಕ್ಕಿಯಿಂದ ಪಕ್ಕಕ್ಕೆ ಒಂದು ಎಳೆ. ಒಂದು ತುದಿಯಲ್ಲಿ ಎಳೆ ಗಿಡ್ಡ, ಇನ್ನೊಂದು ತುದಿಯತ್ತ ಉದ್ದುದ್ದ. ಆಮೇಲೆ ಎಳೆಯೇ ಇಲ್ಲದ ಬೋಳು ನೂಲು, ಮತ್ತೆ ಗಿಡ್ಡದಿಂದ ಶುರು. ಸಂಶೋಧಕರು ಇದನ್ನು ಕ್ರಿಸ್‌ಮಸ್ ಮರ ಎನ್ನುತ್ತಾರೆ. ಚುಕ್ಕಿಗಳು ಪಾಲಿಮರೇಸ್‌ಗಳು, ಎಳೆಗಳು ರೈಬೊಸೋಮಿನ ಆರ್‌ಎನ್‌ಎ.

ಒಂದರ ಬೆನ್ನಿಗೆ ಒಂದು ಒತ್ತಿಕೊಂಡು ಸಾಗುವ ಈ ಸಾಲಿನಲ್ಲಿ ಪ್ರತಿಯೊಂದೂ ಡಿಎನ್‌ಎಯನ್ನು ತಿರುಚುತ್ತದೆ. 10.5 ಅಕ್ಷರಕ್ಕೆ ಏಣಿಯ ಒಂದು ಸುತ್ತು. ಸೆಕೆಂಡಿಗೆ 50 ಅಕ್ಷರ ಬರೆಯುವ ಬ್ಯಾಕ್ಟೀರಿಯಾ ಪಾಲಿಮರೇಸ್ ಸೆಕೆಂಡಿಗೆ ಸುಮಾರು ಐದು ಸುತ್ತು ಮುಂದಕ್ಕೆ ಬಿಗಿಯುತ್ತದೆ, ಹಿಂದೆ ಅಷ್ಟೇ ಸಡಿಲಿಸುತ್ತದೆ. ಮುಂದಿನ ಬಿಗಿಯನ್ನು ಗೈರೇಸ್ ಬಿಡಿಸಬೇಕು, ಹಿಂದಿನ ಸಡಿಲವನ್ನು ಟೊಪೊಐಸೋಮರೇಸ್ 1. ಇವು ಕೈಕೊಟ್ಟರೆ ಪಾಲಿಮರೇಸ್ ನಿಂತಲ್ಲೇ ನಿಲ್ಲುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಕುಲದಲ್ಲಿ ಈ ಎರಡು ಕಿಣ್ವಗಳು ಪಾಲಿಮರೇಸ್ ಜೊತೆ ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ಪ್ರಯೋಗಾಲಯ ದೀರ್ಘಕಾಲ ಅಭ್ಯಾಸ ಮಾಡಿದೆ. ರಿಫಾಂಪಿಸಿನ್ ನಡೆಯದ ಕ್ಷಯಕ್ಕೆ ಕೊಡುವ ಲೀವೋಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್‌ಗಳು ಹಿಡಿಯುವುದೂ ಆ ಗೈರೇಸನ್ನೇ.

ಮಂಗಳ ಮಹಾ ಶ್ರೀ

ನಿಲ್ಲುವ ಗುರುತು ಮಾತ್ರ ಸ್ವಸ್ತಿಗಿಂತ ಬೇರೆ ಜಾತಿಯದು. ಅದು ನಕಲಿನಲ್ಲಿ ಬಂದೇ ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾದಲ್ಲಿ ಜಿ, ಸಿ ತುಂಬಿದ ಒಂದು ಭಾಗ, ಅದರ ಬೆನ್ನಿಗೆ ಏಳೆಂಟು ಯು. ಜಿ-ಸಿ ಭಾಗ ಆರ್‌ಎನ್‌ಎಯಾಗಿ ಹೊರಬಿದ್ದೊಡನೆ ತನ್ನಲ್ಲೇ ಮಡಚಿ ಹೇರ್‌ಪಿನ್ ಆಗುತ್ತದೆ. ಆ ಹೊತ್ತಿಗೆ ಆರ್‌ಎನ್‌ಎಯನ್ನು ಡಿಎನ್‌ಎಗೆ ಹಿಡಿದಿರುವುದು ಯು-ಎ ಜೋಡಿಗಳು ಮಾತ್ರ, ಅವು ಎಲ್ಲಕ್ಕಿಂತ ದುರ್ಬಲ. ಹೇರ್‌ಪಿನ್ ಎಳೆದರೆ ಕಳಚಿಬೀಳುತ್ತದೆ. ಯು ಅಕ್ಷರಗಳ ಸಾಲಿನಲ್ಲಿ ಪಾಲಿಮರೇಸ್ ಒಂದು ಕ್ಷಣ ತಡೆಯುವುದರಿಂದಲೇ ಮಡಚಿಕೊಳ್ಳಲು ಸಮಯ ಸಿಗುವುದು. ಇನ್ನೊಂದು ಬಗೆಯಲ್ಲಿ ರೋ ಎಂಬ ಆರು ಭಾಗಗಳ ಉಂಗುರ ಆರ್‌ಎನ್‌ಎ ಹತ್ತಿ, ಎಟಿಪಿ ಸುಡುತ್ತ ಪಾಲಿಮರೇಸನ್ನು ಬೆನ್ನಟ್ಟಿ ಬಿಡಿಸುತ್ತದೆ.

ಯಕೃತ್ತಿನಲ್ಲಿ ಅದೇ ಮಾತ್ರೆ

ನಮ್ಮ ಕೋಶಗಳಲ್ಲಿ ಒಂದರ ಬದಲು ಮೂರು ಪಾಲಿಮರೇಸ್, ಒಂದು ಸಿಗ್ಮಾ ಬದಲು ಹತ್ತಾರು ಪ್ರೋಟೀನುಗಳು, ಬಾಗಿಲು ಬಿಚ್ಚಲು ಎಟಿಪಿ. ಹೊರಟ ಮೇಲೂ ಎಷ್ಟೋ ವಂಶವಾಹಿಗಳಲ್ಲಿ ಪಾಲಿಮರೇಸ್ 2 ಸುಮಾರು 20ರಿಂದ 60 ಅಕ್ಷರ ಬರೆದು ನಿಂತುಬಿಡುತ್ತದೆ, ಇನ್ನೊಂದು ಕಿಣ್ವ ಬಂದು ಫಾಸ್ಫೇಟ್ ಅಂಟಿಸಿದರಷ್ಟೇ ಮುಂದಕ್ಕೆ. ಡಿಸ್ಟ್ರೊಫಿನ್ ವಂಶವಾಹಿಯಂಥ 22 ಲಕ್ಷ ಅಕ್ಷರಗಳ ದಾರಿಗೆ ಹೊರಟರೆ ಮುಗಿಸಲು 16 ಗಂಟೆ ಬೇಕು, ಹೀಗಿರುವಾಗ ಹೊಸ್ತಿಲಲ್ಲಿ ಇಷ್ಟು ಕಾವಲು ಇರುವುದು ನ್ಯಾಯವೇ.

ರಿಫಾಂಪಿಸಿನ್‌ಗೆ ನಮ್ಮ ಪಾಲಿಮರೇಸ್‌ಗಳಲ್ಲಿ ಕೂರಲು ಗೂಡಿಲ್ಲ. ಆದರೆ ಯಕೃತ್ತಿನಲ್ಲಿ ಪಿಎಕ್ಸ್‌ಆರ್ ಎಂಬ ಪ್ರೋಟೀನಿನ ಹೊಟ್ಟೆಯಲ್ಲಿ ಅದು ಚೆನ್ನಾಗಿ ಕೂರುತ್ತದೆ. ಹಾಗೆ ಕೂತಾಗ ಪಿಎಕ್ಸ್‌ಆರ್ ಡಿಎನ್‌ಎ ಹಿಡಿದು, ಔಷಧಗಳನ್ನು ಕರಗಿಸುವ ಸಿವೈಪಿ3ಎ4 ಮುಂತಾದ ಕಿಣ್ವಗಳ ನಕಲನ್ನು ಜೋರಾಗಿ ಶುರುಮಾಡಿಸುತ್ತದೆ. ಬ್ಯಾಕ್ಟೀರಿಯಾದಲ್ಲಿ ಹೊರಡದಂತೆ ತಡೆಯುವ ಅಣುವೇ ನಮ್ಮಲ್ಲಿ ಹೊರಡಿಸುತ್ತದೆ. ಪರಿಣಾಮ ಮನೆಮನೆಯಲ್ಲೂ ಕಾಣುವಂಥದ್ದು. ಗರ್ಭನಿರೋಧಕ ಗುಳಿಗೆ ಕೈಕೊಡುತ್ತದೆ, ಕ್ಷಯದ ಚಿಕಿತ್ಸೆಯುದ್ದಕ್ಕೂ ಮತ್ತು ಮುಗಿದ ಮೇಲೆ ನಾಲ್ಕು ವಾರ ಕಾಪರ್ ಟಿಯಂಥ ಬೇರೆ ಉಪಾಯ ಬೇಕು. ಎಚ್‌ಐವಿಗೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೊಂದು ತೆಗೆದುಕೊಳ್ಳುತ್ತಿದ್ದವರಿಗೆ ಎರಡು ಹೊತ್ತು ಕೊಡಬೇಕಾಗುತ್ತದೆ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರಿಗೆ ಅದರ ಪ್ರಮಾಣವನ್ನು ಎರಡು ಮೂರು ಪಟ್ಟು ಏರಿಸಬೇಕಾದ ಸಂದರ್ಭಗಳೂ ಇವೆ.

ಈ ವಾರ್ಫರಿನ್ ವಿಷಯದಲ್ಲಿ ಅಪಾಯ ಹೆಚ್ಚಾಗಿ ಎದುರಾಗುವುದು ಕ್ಷಯ ವಾಸಿಯಾದ ಮೇಲೆ. ಆರು ತಿಂಗಳ ಕೊನೆಯ ಮಾತ್ರೆ ಮುಗಿದ ಬಳಿಕ ಪಿಎಕ್ಸ್‌ಆರ್ ಬರಿದಾಗಿ, ಕಿಣ್ವದ ಹೊಸ ನಕಲು ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಅದಾಗಲೇ ತಯಾರಾಗಿ ಕೂತಿರುವ ಕಿಣ್ವ ಕರಗಲು ಸುಮಾರು ಎರಡು ವಾರ ಬೇಕು. ಅಷ್ಟರಲ್ಲಿ ಏರಿಸಿದ್ದ ವಾರ್ಫರಿನನ್ನು ಹಂತ ಹಂತವಾಗಿ ಇಳಿಸದಿದ್ದರೆ ರಕ್ತಸ್ರಾವವಾಗುತ್ತದೆ. ಆದ್ದರಿಂದ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಐಎನ್‌ಆರ್ ಪರೀಕ್ಷೆಯನ್ನು ಕೊನೆಯ ಮಾತ್ರೆಯ ದಿನಕ್ಕೆ ನಿಲ್ಲಿಸದೆ, ಮೊದಲಿಗಿಂತ ಬೇಗಬೇಗ, ಅಂಕಿ ಒಂದೇ ಕಡೆ ನಿಲ್ಲುವವರೆಗೂ ಮಾಡಿಸುತ್ತಿರಬೇಕು.